ಸಿಮೆಂಟು ಪ್ರಭುಗಳ ಸಂಘವೂ ಗುಳ್ಳಕಾಯಜ್ಜಿಯ ಹಾಲೂ

ಶ್ರವಣಬೆಳಗೊಳದ ಬೆಟ್ಟ ಹತ್ತಿ ಇಳಿದವರಿಗೆಲ್ಲ ಗುಳ್ಳಕಾಯಜ್ಜಿಯ ಕತೆ ಗೊತ್ತು. ಚಾವುಂಡರಾಯನು ಮೂರ್ತಿಗೆ ಕೊಡಗಟ್ಟಲೆ ಹಾಲನ್ನು ತಲೆಯಿಂದ ಸುರಿಸಿದನಂತೆ. ಹಾಲು ಸೊಂಟದ ಕೆಳಗೆ ಇಳಿಯಲೇ ಇಲ್ಲವಂತೆ. ಕೊನೆಗೆ ಒಬ್ಬ ಬಡ ಮುದುಕಿ ಗುಳ್ಳದ ಕಾಯಿಯ ಚಿಪ್ಪಿನಲ್ಲಿ ತಂದ ತೊಟ್ಟು ಹಾಲು ಮೂರ್ತಿಯ ಪಾದದವರೆಗೂ ಹರಿಯಿತಂತೆ. ನಾವು ಇದನ್ನು ಪುರಾಣವೆಂದು ಕೇಳಿ ಕೈ ಮುಗಿದು ಬರುತ್ತೇವೆ. ಆದರೆ ಇದೇ ಕತೆ ನಮ್ಮ ಹೋಬಳಿಯ ಪ್ರತಿ ಊರಿನಲ್ಲಿ ಪ್ರತಿ ವರ್ಷವೂ ನಡೆಯುತ್ತಿದೆ. ಸರ್ಕಾರವು ಮನೆಯಿಲ್ಲದವರ ಹೆಸರಿನಲ್ಲಿ ಹಾಲನ್ನು ಮೇಲಿನಿಂದ ಸುರಿಯುತ್ತದೆ. ಅದು ಸೊಂಟದ ಮಟ್ಟದಲ್ಲೇ ನಿಲ್ಲುತ್ತದೆ. ಸೊಂಟದಲ್ಲಿ ಕುಳಿತು ಅದನ್ನು ಕುಡಿಯುವವರು ಯಾರು? ಈ ವಾರ ನಾವು ಅವರಲ್ಲಿ ಒಬ್ಬರ ಹೆಸರು ಹೇಳುತ್ತೇವೆ.

ಚನ್ನರಾಯಪಟ್ಟಣ ತಾಲ್ಲೂಕಿನ ಹಳ್ಳಿಗಳಲ್ಲಿ ಸುತ್ತಾಡಿದವರು ಒಂದು ನೋಟವನ್ನು ತಪ್ಪದೆ ಕಂಡಿರುತ್ತಾರೆ. ತಳಪಾಯ ಎದ್ದಿದೆ, ಕಿಟಕಿಯ ಮಟ್ಟದವರೆಗೆ ಗೋಡೆ ಬಂದಿದೆ, ಅಲ್ಲಿಗೆ ನಿಂತಿದೆ. ಗೋಡೆಯ ಮೇಲೆ ಹುಲ್ಲು ಬೆಳೆದಿದೆ. ಪಕ್ಕದ ಗುಡಿಸಲಿನಲ್ಲಿ ಸಂಸಾರ ಹಾಗೆಯೇ ಇದೆ. ಅಂಥ ಒಂದು ಮನೆಯ ತಾಯಿಯನ್ನು ನಾವು ಕೇಳಿದೆವು: "ಯಾಕವ್ವಾ ನಿಲ್ಲಿಸಿದೆ?" ಆಕೆ ಹೇಳಿದ್ದು ಎರಡೇ ಮಾತು: "ಶುರು ಮಾಡಿದಾಗ ಒಂದು ರೇಟು, ಮುಗಿಸೋಕೆ ಹೋದಾಗ ಒಂದು ರೇಟು. ನಾನೇನು ಮಾಡಲಿ ಸ್ವಾಮಿ?" ಆ ಎರಡು ರೇಟುಗಳ ನಡುವೆ ನಡೆದದ್ದೇನು ಎಂಬುದನ್ನು ತಿಳಿಯುವುದು ನಮ್ಮ ಕರ್ತವ್ಯ. ಅದು ದೈವೇಚ್ಛೆಯಲ್ಲ, ಮಳೆ ಬೆಳೆಯ ಮಾತೂ ಅಲ್ಲ. ಅದರ ಬಹುಪಾಲು ದೂರದ ಊರುಗಳ ಸಭಾಗೃಹಗಳಲ್ಲಿ ನಡೆಯುತ್ತದೆ.

ಮೇಷ್ಟರ ಲೆಕ್ಕ

ನಾವು ಹಿಂದೆ ಪಾಠ ಹೇಳಿದವರು. ಹಲಗೆಯ ಮೇಲೆ ಲೆಕ್ಕ ಬರೆಯದೆ ನಮಗೆ ಸಮಾಧಾನವಿಲ್ಲ. ಪ್ರಧಾನಮಂತ್ರಿ ಗ್ರಾಮೀಣ ಆವಾಸ್ ಯೋಜನೆಯಲ್ಲಿ ಬಯಲು ಸೀಮೆಯ ಒಂದು ಮನೆಗೆ 1 ಲಕ್ಷ 20 ಸಾವಿರ ರೂಪಾಯಿ ಎಂದು 2016ರಲ್ಲಿ ನಿಗದಿಯಾಯಿತು. 2024ರಲ್ಲಿ ಯೋಜನೆಯನ್ನು ಮುಂದುವರಿಸಲು ಕೇಂದ್ರ ಸಂಪುಟ ಒಪ್ಪಿದಾಗಲೂ ಅದೇ ಮೊತ್ತ ಉಳಿಯಿತು. ಎಂಟು ವರ್ಷಗಳಲ್ಲಿ ಕೂಲಿ ಏರಿತು, ಮರಳು ಏರಿತು, ಕಬ್ಬಿಣ ಏರಿತು. ಬಡವನ ಮನೆಯ ಮೊತ್ತ ಮಾತ್ರ ಗೊಮ್ಮಟನಂತೆ ನಿಂತ ಕಡೆ ನಿಂತಿದೆ.

ಒಂದು ಪುಟ್ಟ ಮನೆಗೆ ನೂರು ಮೂಟೆ ಸಿಮೆಂಟು ಬೇಕೆಂದು ಇಟ್ಟುಕೊಳ್ಳಿ. ಮೂಟೆಗೆ ನಲವತ್ತು ರೂಪಾಯಿ ಏರಿತೆಂದೂ ಇಟ್ಟುಕೊಳ್ಳಿ. ನಾಲ್ಕು ಸಾವಿರ ರೂಪಾಯಿ ಹೋಯಿತು. ಅಂದರೆ ಸರ್ಕಾರ ಕೊಟ್ಟ ಹಣದಲ್ಲಿ ಮೂವತ್ತನೆಯ ಒಂದು ಪಾಲು. 2025–26ರಲ್ಲಿ ನಮ್ಮ ರಾಜ್ಯಕ್ಕೆ ಉದ್ಯೋಗ ಖಾತರಿ ಕೂಲಿ ದಿನಕ್ಕೆ 370 ರೂಪಾಯಿ ಎಂದು ಗೊತ್ತುಪಡಿಸಲಾಗಿತ್ತು. ಆ ಲೆಕ್ಕದಲ್ಲಿ ಹತ್ತಿರ ಹತ್ತಿರ ಹನ್ನೊಂದು ದಿನ ಆ ತಾಯಿ ಗುದ್ದಲಿ ಹಿಡಿದು ದುಡಿದದ್ದು ಬೆಲೆಯೇರಿಕೆ ಒಂದಕ್ಕೇ ಆಯಿತು. ಮನೆಯ ಒಟ್ಟು ವೆಚ್ಚದಲ್ಲಿ ಸಿಮೆಂಟಿನ ಪಾಲು ಅಲ್ಪ, ಅದಕ್ಕೇಕೆ ಗಲಾಟೆ ಎಂಬುದು ಮಾಲೀಕರ ಹಳೆಯ ವಾದ. ಬೆಂಗಳೂರಿನ ಕೋಟಿ ರೂಪಾಯಿಯ ಬಂಗಲೆಯಲ್ಲಿ ಅದು ಅಲ್ಪವಿರಬಹುದು. ಹನ್ನೊಂದು ದಿನದ ಹಸಿವು ಯಾರ ಅಳತೆಗೋಲಿನಲ್ಲಿ ಅಲ್ಪ?

ಸಂಘದ ಜಾತಕ

ನಮ್ಮ ಯುವಕರು ಸಂಘ ಕಟ್ಟಿದರೆ "ರಾಜಕೀಯ ಬೇಡ" ಎಂದು ಬುದ್ಧಿ ಹೇಳುವವರು ಬಹಳ. ಆದರೆ ಮಾಲೀಕರು ಸಂಘ ಕಟ್ಟುವುದರಲ್ಲಿ ಎಂದೂ ತಡಮಾಡಿದವರಲ್ಲ. ಈ ದೇಶದಲ್ಲಿ ಸಿಮೆಂಟು ಕಾರ್ಖಾನೆಗಳು ಇನ್ನೂ ಎಳೆಯವಿದ್ದಾಗಲೇ, 1920ರ ದಶಕದ ನಡುವಿನಲ್ಲಿ, ತಯಾರಕರು ಬೆಲೆಯನ್ನು ಹದ್ದಿನಲ್ಲಿಡಲು ಸಂಘ ಮಾಡಿಕೊಂಡರು. 1930ರಲ್ಲಿ ಮಾರಾಟಕ್ಕೆಂದೇ ಒಂದು ಜಂಟಿ ಕಂಪೆನಿ ಹುಟ್ಟಿತು. 1936ರಲ್ಲಿ ಹಲವು ಕಂಪೆನಿಗಳು ಬೆರೆತು ಎ.ಸಿ.ಸಿ. ಆಯಿತು. ಇಂದಿನ ಸಿಮೆಂಟ್ ತಯಾರಕರ ಸಂಘ ಸ್ಥಾಪನೆಯಾದದ್ದು 1961ರಲ್ಲಿ. ದಕ್ಷಿಣದ ಮಾಲೀಕರಿಗೆ ದಕ್ಷಿಣ ಭಾರತ ಸಿಮೆಂಟ್ ತಯಾರಕರ ಸಂಘವೆಂಬ ಪ್ರತ್ಯೇಕ ಸಂಘವೂ ಇದೆ.

ಮೊದಲು ಬೆಲೆ ಮತ್ತು ಹಂಚಿಕೆ ಸರ್ಕಾರದ ಕೈಯಲ್ಲಿದ್ದವು. ಆ ಕಾಲ ಸ್ವರ್ಗವಾಗಿತ್ತೆಂದು ನಾವು ಸುಳ್ಳು ಹೇಳುವುದಿಲ್ಲ. ಪರ್ಮಿಟ್ಟಿಗಾಗಿ ತಾಲ್ಲೂಕು ಕಚೇರಿಯ ಮೆಟ್ಟಿಲು ಸವೆಸಿದವರು, ಕಾಳಸಂತೆಯಲ್ಲಿ ದುಪ್ಪಟ್ಟು ತೆತ್ತವರು ನಮ್ಮ ಹಿರಿಯರಲ್ಲಿ ಬೇಕಾದಷ್ಟು ಮಂದಿ. 1982ರಲ್ಲಿ ಹತೋಟಿಯನ್ನು ಅರ್ಧ ಸಡಿಲಿಸಿದರು, 1989ರಲ್ಲಿ ಪೂರ್ತಿ ತೆಗೆದರು. ಇನ್ನು ಮುಂದೆ ಕಂಪೆನಿ ಕಂಪೆನಿಗಳೇ ಪೈಪೋಟಿ ಮಾಡುತ್ತವೆ, ಬೆಲೆ ತಾನಾಗಿ ಇಳಿಯುತ್ತದೆ ಎಂದು ಪಂಡಿತರು ನಮಗೆ ಭರವಸೆ ಕೊಟ್ಟರು. ಪೈಪೋಟಿಯ ಬದಲು ಪಂಕ್ತಿಭೋಜನ ನಡೆಯಿತು. 2007ರಲ್ಲೇ ಹಳೆಯ ಏಕಸ್ವಾಮ್ಯ ಆಯೋಗವು ಈ ಸಂಘಕ್ಕೂ ಕಂಪೆನಿಗಳಿಗೂ ಕೂಟ ಕಟ್ಟಿ ಬೆಲೆ ಏರಿಸುವುದನ್ನು ನಿಲ್ಲಿಸಿರೆಂದು ಆದೇಶ ಕೊಟ್ಟಿತ್ತು. ಕಳ್ಳನಿಗೆ "ಇನ್ನು ಕದಿಯಬೇಡಪ್ಪಾ" ಎಂದು ಹೇಳಿ ಕಳಿಸಿದಂತೆ ಅದು.

2012ರ ತೀರ್ಪು

2010ರಲ್ಲಿ ಭಾರತೀಯ ಬಿಲ್ಡರುಗಳ ಸಂಘ ಸ್ಪರ್ಧಾ ಆಯೋಗಕ್ಕೆ ದೂರು ಕೊಟ್ಟಿತು. ವಿಚಾರಣೆಯಾಗಿ 2012ರ ಜೂನ್ 20ರಂದು ಆದೇಶ ಬಂತು. ಹನ್ನೊಂದು ಕಂಪೆನಿಗಳ ಮೇಲೆ ಒಟ್ಟು 6,300 ಕೋಟಿಗೂ ಮೀರಿದ ದಂಡ. ಅವುಗಳ ಹೆಸರುಗಳನ್ನು ನಮ್ಮ ಓದುಗರು ಪ್ರತಿದಿನ ಬಸ್‌ಸ್ಟಾಂಡಿನ ಗೋಡೆಯ ಮೇಲೆ ಓದುತ್ತಾರೆ: ಎ.ಸಿ.ಸಿ., ಅಂಬುಜಾ, ಅಲ್ಟ್ರಾಟೆಕ್, ಗ್ರಾಸಿಂ, ಜೈಪ್ರಕಾಶ್, ಇಂಡಿಯಾ ಸಿಮೆಂಟ್ಸ್, ಮದ್ರಾಸ್ ಸಿಮೆಂಟ್ಸ್, ಸೆಂಚುರಿ, ಬಿನಾನಿ, ಲಫಾರ್ಜ್, ಜೆ.ಕೆ. ಸಿಮೆಂಟ್. ತಯಾರಕರ ಸಂಘಕ್ಕೂ ದಂಡ ಬಿತ್ತು.

ಆಯೋಗ ಕಂಡದ್ದೇನು? ಸಂಘದ ಉನ್ನತಾಧಿಕಾರ ಸಮಿತಿ ಸಭೆ ಸೇರುತ್ತಿತ್ತು. 2011ರ ಆರಂಭದ ತಿಂಗಳುಗಳಲ್ಲಿ ಸಭೆಗಳಾದ ಮೇಲೆ ಬೆಲೆ ಏರಿತು. ನಾವು ಸಂಘ ಬಿಟ್ಟಿದ್ದೇವೆ ಎಂದು ಹೇಳಿಕೊಂಡ ಕಂಪೆನಿಗಳ ಜನರೂ ಆ ಸಭೆಗಳಿಗೆ ಹೋಗಿದ್ದರು. ಸಂಘದ ಮೂಲಕ ಬೆಲೆ, ಉತ್ಪಾದನೆ, ರವಾನೆಯ ಅಂಕಿಗಳು ಕೈಯಿಂದ ಕೈಗೆ ಹೋಗುತ್ತಿದ್ದವು. ಎಲ್ಲಕ್ಕಿಂತ ದೊಡ್ಡ ಮಾತು ಇದು: 2009–10ರಲ್ಲಿ ಕಾರ್ಖಾನೆಗಳು ತಮ್ಮ ಶಕ್ತಿಯ ನೂರಕ್ಕೆ 83 ಪಾಲು ಉತ್ಪಾದಿಸುತ್ತಿದ್ದವು, 2010–11ರಲ್ಲಿ ಅದು ನೂರಕ್ಕೆ 73ಕ್ಕೆ ಇಳಿಯಿತು. ಯಂತ್ರವಿದೆ, ಸುಣ್ಣದ ಕಲ್ಲಿದೆ, ಕೆಲಸ ಕೇಳುವ ಕೈಗಳಿವೆ, ಕೊಳ್ಳುವ ಜನರಿದ್ದಾರೆ. ಆದರೂ ಯಂತ್ರ ನಿಧಾನಿಸುತ್ತದೆ, ಬೆಲೆ ಓಡುತ್ತದೆ.

ಕಂಪೆನಿಗಳ ಉತ್ತರವನ್ನೂ ಹೇಳದಿದ್ದರೆ ನಮಗೆ ಅಧರ್ಮ. ಎಲ್ಲರ ಕಲ್ಲಿದ್ದಲೂ ಒಂದೇ, ಡೀಸೆಲ್ಲೂ ಒಂದೇ, ಆದ್ದರಿಂದ ಎಲ್ಲರ ಬೆಲೆಯೂ ಒಟ್ಟಿಗೆ ಏರುತ್ತದೆ, ಇದರಲ್ಲಿ ಸಂಚೇನು ಬಂತು ಎಂಬುದು ಅವರ ವಾದ. ಸರಿ. ಸಂತೆಯಲ್ಲಿ ಹತ್ತು ಜನ ಒಂದೇ ಬೆಲೆಗೆ ಟೊಮೇಟೊ ಮಾರಿದರೆ ನಾವು ಅವರನ್ನು ಕಳ್ಳರೆನ್ನುವುದಿಲ್ಲ. ಬೆಲೆ ಒಂದೇ ಇದ್ದ ಮಾತ್ರಕ್ಕೆ ಅಪರಾಧವಲ್ಲ ಎಂಬುದನ್ನು ನಾವೂ ಒಪ್ಪುತ್ತೇವೆ. ಆದರೆ ಆ ಹತ್ತು ಜನ ಹಿಂದಿನ ರಾತ್ರಿ ಒಂದು ಮನೆಯಲ್ಲಿ ಸೇರಿ, ತಮ್ಮ ತಮ್ಮ ಲೆಕ್ಕದ ಪುಸ್ತಕವನ್ನು ಪರಸ್ಪರ ತೋರಿಸಿ, ಬೆಳಗ್ಗೆ ಅರ್ಧ ಬುಟ್ಟಿಯನ್ನು ಮನೆಯಲ್ಲೇ ಬಚ್ಚಿಟ್ಟು ಸಂತೆಗೆ ಬಂದರೆ ಏನೆನ್ನಬೇಕು? ಆಯೋಗ ಹೇಳಿದ್ದು ಸಹ ಅದನ್ನೇ. ಬೆಲೆಯ ಜೊತೆಗೆ ಸಭೆಯನ್ನೂ ಅಂಕಿಗಳ ವಿನಿಮಯವನ್ನೂ ನಿಂತ ಯಂತ್ರವನ್ನೂ ಕೂಡಿಸಿ ನೋಡಿ ಅದು ತೀರ್ಮಾನಕ್ಕೆ ಬಂತು.

ದಂಡದ ಗತಿ

ಇನ್ನು ನ್ಯಾಯದ ನಡಿಗೆಯನ್ನು ನೋಡಿ. ಕೂಟ ಕಟ್ಟಿದವರಿಗೆ ಲಾಭದ ಮೂರು ಪಟ್ಟಿನವರೆಗೆ ದಂಡ ಹಾಕಲು ಕಾನೂನಿನಲ್ಲಿ ಅವಕಾಶವಿತ್ತು. ಆಯೋಗ ಹಾಕಿದ್ದು ಲಾಭದ ಅರ್ಧ. 2015ರ ಡಿಸೆಂಬರಿನಲ್ಲಿ ಮೇಲ್ಮನವಿ ನ್ಯಾಯಮಂಡಳಿ ಆ ಆದೇಶವನ್ನೇ ತೆಗೆದುಹಾಕಿತು. ಕಾರಣವೇನು? ಕೂಟ ನಡೆದಿಲ್ಲವೆಂದಲ್ಲ. ಆದೇಶಕ್ಕೆ ಸಹಿ ಮಾಡಿದ ಅಧ್ಯಕ್ಷರು ವಾದ ಕೇಳುವಾಗ ಹಾಜರಿರಲಿಲ್ಲ ಎಂದು. 2016ರ ಆಗಸ್ಟ್ 31ರಂದು ಆಯೋಗ ಮತ್ತೆ ವಿಚಾರಿಸಿ ಸುಮಾರು 6,700 ಕೋಟಿ ದಂಡ ಹಾಕಿತು. 2018ರ ಜುಲೈಯಲ್ಲಿ ರಾಷ್ಟ್ರೀಯ ಕಂಪೆನಿ ಕಾನೂನು ಮೇಲ್ಮನವಿ ನ್ಯಾಯಮಂಡಳಿ ಅದನ್ನು ಎತ್ತಿಹಿಡಿಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಕಂಪೆನಿಗಳ ಅಪೀಲನ್ನು ಸ್ವೀಕರಿಸಿ, ದಂಡದ ನೂರಕ್ಕೆ ಹತ್ತು ಪಾಲು ಕಟ್ಟಿರಿ ಎಂದಿತು. ದೂರು ಕೊಟ್ಟ ದಿನದಿಂದ ಅಲ್ಲಿಗೆ ಎಂಟು ವರ್ಷ. ಎತ್ತಿನ ಸಾಲ ಕಟ್ಟಲಾಗದ ರೈತನ ಮನೆಗೆ ನೋಟೀಸು ಎಷ್ಟು ದಿನದಲ್ಲಿ ಬರುತ್ತದೆ ಎಂದು ನಮ್ಮ ಓದುಗರನ್ನು ಕೇಳಬೇಕಾದ್ದಿಲ್ಲ.

ಇಲ್ಲಿ ಇನ್ನೊಂದು ಸೂಕ್ಷ್ಮವನ್ನು ಗಮನಿಸಬೇಕು. ದೂರು ಕೊಟ್ಟವರು ಯಾರು? ಬಿಲ್ಡರುಗಳ ಸಂಘ. ಅದೂ ಮಾಲೀಕರ ಸಂಘವೇ. ತಮ್ಮ ಲಾಭಕ್ಕೆ ಪೆಟ್ಟು ಬಿದ್ದಾಗ ಅವರು ಎದ್ದರು. ಎದ್ದದ್ದು ಒಳ್ಳೆಯದೇ ಆಯಿತು. ಆದರೆ ಇಬ್ಬರು ಧನಿಕರ ವ್ಯಾಜ್ಯದಲ್ಲಿ ಮನೆಯೊಳಗೆ ಬಾಳಬೇಕಾದವನ ಮಾತು ಎಲ್ಲಿಯೂ ಕೇಳಲಿಲ್ಲ. ಸಿಮೆಂಟು ಮಾಡುವವನಿಗೆ ಸಂಘವಿದೆ, ಸಿಮೆಂಟಿನಿಂದ ಕಟ್ಟಿಸುವ ಗುತ್ತಿಗೆದಾರನಿಗೆ ಸಂಘವಿದೆ. ಮೂಟೆಯ ಬೆಲೆಯನ್ನು ಕಟ್ಟಕಡೆಗೆ ತೆರುವವನಿಗೆ ಮಾತ್ರ ಸಂಘವಿಲ್ಲ. ದಂಡದ ಹಣ ಪೂರ್ತಿ ವಸೂಲಾದರೂ ಅದು ಹೋಗುವುದು ಸರ್ಕಾರದ ಬೊಕ್ಕಸಕ್ಕೆ. ಹೆಚ್ಚು ತೆತ್ತವನ ಕೈಗೆ ಒಂದು ಕಾಸೂ ತಾನಾಗಿ ಬಾರದು. ಪರಿಹಾರ ಕೇಳಲು ಕಾನೂನಿನಲ್ಲಿ ದಾರಿಯಿದೆ ನಿಜ. ಆದರೆ ಆ ದಾರಿ ಮೇಲ್ಮನವಿ ನ್ಯಾಯಮಂಡಳಿಯ ಬಾಗಿಲಿಗೆ ಹೋಗುತ್ತದೆ. ದಂಡಿಗನಹಳ್ಳಿ ಹೋಬಳಿಯಿಂದ ದೆಹಲಿಗೆ ಯಾವ ಬಸ್ಸಿದೆ?

ಈಗ ಸಭೆಯೂ ಬೇಡ

ದಂಡ ಬಿದ್ದ ಮೇಲೆ ಕೂಟ ಒಡೆಯಿತೇ? ಹನ್ನೊಂದು ಹೆಸರುಗಳ ಗತಿಯನ್ನು ನೋಡೋಣ. ಗ್ರಾಸಿಂ ಕಂಪೆನಿಯ ಸಿಮೆಂಟು ವ್ಯವಹಾರ 2010ರಲ್ಲೇ ಅಲ್ಟ್ರಾಟೆಕ್ಕಿಗೆ ಸೇರಿತ್ತು. 2017ರಲ್ಲಿ ಜೈಪ್ರಕಾಶರ ಹಲವು ಕಾರ್ಖಾನೆಗಳು, 2018ರಲ್ಲಿ ಬಿನಾನಿ, 2019ರಲ್ಲಿ ಸೆಂಚುರಿಯ ಸಿಮೆಂಟು, 2024ರ ಕೊನೆಯಲ್ಲಿ ಇಂಡಿಯಾ ಸಿಮೆಂಟ್ಸ್ ಅಲ್ಟ್ರಾಟೆಕ್ ಹೊಟ್ಟೆಗೆ ಹೋದವು. 2022ರ ಸೆಪ್ಟೆಂಬರಿನಲ್ಲಿ ಎ.ಸಿ.ಸಿ. ಮತ್ತು ಅಂಬುಜಾ ಎರಡೂ ಅದಾನಿ ಮನೆಗೆ ಸೇರಿದವು. ಹಿಂದೆ ಹನ್ನೊಂದು ಜನ ಒಂದು ಮೇಜಿನ ಸುತ್ತ ಕುಳಿತು ಮಾತಾಡಬೇಕಾಗಿತ್ತು. ಅದಕ್ಕೆ ಸಭೆ ಬೇಕು, ಹಾಜರಿ ಪುಸ್ತಕ ಬೇಕು, ಅದು ಆಯೋಗದ ಕೈಗೆ ಸಿಕ್ಕುವ ಭಯ ಬೇರೆ. ಈಗ ಅವರಲ್ಲಿ ಹೆಚ್ಚಿನವರು ಎರಡು ಮನೆಗಳ ಒಳಗೇ ಸೇರಿದ್ದಾರೆ. ಅಣ್ಣತಮ್ಮಂದಿರು ಒಂದೇ ಒಲೆಯಲ್ಲಿ ಅಡಿಗೆ ಮಾಡಿಕೊಳ್ಳುವಾಗ ಪಂಚಾಯಿತಿ ಸೇರಿಸುವ ಅಗತ್ಯವೇನಿದೆ? ಕೂಟ ಕಟ್ಟಿದರೆ ಅಪರಾಧ. ಕೂಟದವರನ್ನೆಲ್ಲ ಕೊಂಡುಕೊಂಡರೆ ಅದು ಉದ್ಯಮದ ಪ್ರಗತಿ, ಷೇರುಪೇಟೆಯಲ್ಲಿ ಹಬ್ಬ. ಈ ನ್ಯಾಯ ನಮ್ಮ ಬುದ್ಧಿಗೆ ನಿಲುಕುವುದಿಲ್ಲ.

ತೆರಿಗೆಯ ಮಾತನ್ನೂ ಇಲ್ಲಿಯೇ ಹೇಳಿಬಿಡುತ್ತೇವೆ. 2017ರಿಂದ ಸಿಮೆಂಟಿನ ಮೇಲೆ ಜಿ.ಎಸ್.ಟಿ. ನೂರಕ್ಕೆ 28 ಇತ್ತು. ಗುಡಿಸಲು ಬಿಟ್ಟು ಮನೆ ಕಟ್ಟುವುದು ಭೋಗವೆಂದು ಸರ್ಕಾರ ಭಾವಿಸಿತ್ತೆಂದು ಕಾಣುತ್ತದೆ. 2025ರ ಸೆಪ್ಟೆಂಬರ್ 22ರಿಂದ ಅದನ್ನು 18ಕ್ಕೆ ಇಳಿಸಿದರು. ಇಳಿಸಿದ್ದನ್ನು ನಾವು ಸ್ವಾಗತಿಸುತ್ತೇವೆ. ಮೂಟೆಯ ಮೂಲಬೆಲೆ ಮುನ್ನೂರು ಎಂದಿಟ್ಟುಕೊಂಡರೆ ತೆರಿಗೆ 84ರಿಂದ 54ಕ್ಕೆ ಬರುತ್ತದೆ. ಮೂಟೆಗೆ ಮೂವತ್ತು ರೂಪಾಯಿ, ನೂರು ಮೂಟೆಗೆ ಮೂರು ಸಾವಿರ. ಆದರೆ ಈ ಮೂರು ಸಾವಿರ ಗುಡಿಸಲಿನ ತಾಯಿಗೆ ತಲುಪುತ್ತದೆಯೋ, ಮೂಲಬೆಲೆಯನ್ನೇ ಮೆಲ್ಲಗೆ ಮೇಲೆತ್ತಿ ನಡುವಿನವರು ನುಂಗುತ್ತಾರೋ ಎಂದು ನೋಡುವವರು ಯಾರು? ತೆರಿಗೆ ಇಳಿದರೂ ಬೆಲೆ ಇಳಿಸದವರ ಮೇಲೆ ದೂರು ಕೊಡಲು ಜಿ.ಎಸ್.ಟಿ. ಕಾನೂನಿನಲ್ಲಿ ಒಂದು ಬಾಗಿಲಿತ್ತು. ಹೊಸ ದೂರುಗಳಿಗೆ ಆ ಬಾಗಿಲನ್ನು 2025ರ ಏಪ್ರಿಲ್ 1ರಿಂದ ಮುಚ್ಚಿದರು. ಆರು ತಿಂಗಳೊಳಗೆ ತೆರಿಗೆ ಇಳಿಸಿದರು. ಮೊದಲು ನಾಯಿಯನ್ನು ಓಡಿಸಿ ಆಮೇಲೆ ಹಾಲಿನ ಗಡಿಗೆಯನ್ನು ಬೆಕ್ಕಿನ ಮುಂದಿಟ್ಟಂತೆ ಆಯಿತು.

ದಾರಿ ಇಲ್ಲವೇ?

"ನೀವು ಬಯ್ಯುವುದಷ್ಟೇ ಬಲ್ಲಿರಿ, ದಾರಿ ತೋರಿಸಿ" ಎಂದು ಕೆಲವು ಮಿತ್ರರು ನಮ್ಮನ್ನು ಕೇಳುವುದುಂಟು. ದಾರಿ ನಮ್ಮ ನೆರೆಯಲ್ಲೇ ಇದೆ. ತಮಿಳುನಾಡಿನ ಸರ್ಕಾರ 2015ರಲ್ಲಿ "ಅಮ್ಮ ಸಿಮೆಂಟ್" ಎಂದು ಮೂಟೆಗೆ 190 ರೂಪಾಯಿಗೆ ಬಡವರಿಗೂ ಮಧ್ಯಮ ವರ್ಗದವರಿಗೂ ಮಾರಿತು. ಹೆಸರು ಅಮ್ಮನದಾಗಲಿ ಅಪ್ಪನದಾಗಲಿ, ಅದರ ಮೇಲೆ ನಮಗೆ ಮೋಹವಿಲ್ಲ. ಸರ್ಕಾರ ಮನಸ್ಸು ಮಾಡಿದರೆ ಕಂಪೆನಿಗಳಿಂದ ಸಗಟಾಗಿ ಕೊಂಡು ಕಡಿಮೆ ಬೆಲೆಗೆ ಕೊಡಬಹುದೆಂಬುದು ಅಲ್ಲಿ ರುಜುವಾತಾಯಿತು. ಕೇರಳದವರು ವಾಳಯಾರಿನಲ್ಲಿ ಮಲಬಾರ್ ಸಿಮೆಂಟ್ಸ್ ಎಂಬ ತಮ್ಮ ಸ್ವಂತ ಕಾರ್ಖಾನೆಯನ್ನು ಇಟ್ಟುಕೊಂಡಿದ್ದಾರೆ.

ನಮ್ಮಲ್ಲಿ ಇರಲಿಲ್ಲವೇ? ಭದ್ರಾವತಿಯ ಮೈಸೂರು ಕಬ್ಬಿಣದ ಕಾರ್ಖಾನೆಯು 1930ರ ದಶಕದ ಕೊನೆಯ ಹೊತ್ತಿಗೇ ಕಿಟ್ಟದಿಂದ ಸಿಮೆಂಟು ಮಾಡಿ ತೋರಿಸಿತ್ತು. ಸೇಡಂ ತಾಲ್ಲೂಕಿನ ಕುರಕುಂಟದಲ್ಲಿ ಕೇಂದ್ರದ ಸಿಮೆಂಟ್ ನಿಗಮ ಒಂದು ಕಾರ್ಖಾನೆ ನಡೆಸುತ್ತಿತ್ತು. 1990ರ ದಶಕದ ಕೊನೆಗೆ ಅದರ ಚಿಮಣಿಯ ಹೊಗೆ ನಿಂತಿತು. ಅದೇ ಸೀಮೆಯ ವಾಡಿ, ಮಳಖೇಡಗಳಲ್ಲಿ ಖಾಸಗಿ ಚಿಮಣಿಗಳು ಹೊಗೆಯಾಡುತ್ತಲೇ ಇವೆ. ನೆಲದಡಿಯ ಸುಣ್ಣದ ಕಲ್ಲು ಕನ್ನಡಿಗರದು, ಲಾಭದ ಲೆಕ್ಕ ಮುಂಬಯಿ, ಅಹಮದಾಬಾದುಗಳಲ್ಲಿ.

ಇನ್ನೊಂದು ಮಾತು. ಕಂಪೆನಿಯ ಮೂಟೆಯಿಲ್ಲದೆ ಮನೆ ಏಳುವುದಿಲ್ಲ ಎಂಬ ಭ್ರಮೆಯನ್ನೂ ನಾವು ಬಿಡಬೇಕು. 981ರಲ್ಲಿ ನಿಂತ ಗೊಮ್ಮಟನನ್ನು ಬಿಡಿ, ಕನ್ನಂಬಾಡಿ ಕಟ್ಟೆಯನ್ನೇ ಸುಣ್ಣ ಮತ್ತು ಇಟ್ಟಿಗೆಪುಡಿಯ ಸುರ್ಕಿ ಗಾರೆಯಲ್ಲಿ ಕಟ್ಟಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ಅಸ್ತ್ರ ಎಂಬ ವಿಭಾಗವು ಊರಿನ ಮಣ್ಣಿಗೆ ಸ್ವಲ್ಪವೇ ಸಿಮೆಂಟು ಬೆರೆಸಿ, ಕೈಯಂತ್ರದಲ್ಲಿ ಒತ್ತಿ, ಸುಡದೆಯೇ ಗಟ್ಟಿ ಇಟ್ಟಿಗೆ ಮಾಡುವ ಕ್ರಮವನ್ನು ಬೆಳೆಸಿತು. ಇದರಿಂದ ಸೌದೆ ಉಳಿಯುತ್ತದೆ, ಊರಿನ ಕೈಗಳಿಗೆ ಕೆಲಸ ಸಿಕ್ಕುತ್ತದೆ. ಆದರೆ ಇದರ ಪರವಾಗಿ ಬಸ್‌ಸ್ಟಾಂಡಿನ ಗೋಡೆಯಲ್ಲಿ ಬಣ್ಣದ ಜಾಹೀರಾತು ಬರೆಸುವವರಿಲ್ಲ. ಮಣ್ಣಿಗೆ ತಯಾರಕರ ಸಂಘವಿಲ್ಲವಲ್ಲ!

ನಮ್ಮ ಬೇಡಿಕೆಗಳು

ಆದ್ದರಿಂದ ನಾವು ಸ್ಪಷ್ಟವಾಗಿ ಕೇಳುತ್ತೇವೆ:

ಒಂದು, ವಸತಿ ಯೋಜನೆಯ ಫಲಾನುಭವಿಗಳಿಗೆ ಬೇಕಾದ ಸಿಮೆಂಟನ್ನು ರಾಜ್ಯ ಸರ್ಕಾರವೇ ಸಗಟಾಗಿ ಕೊಂಡು, ಸಹಕಾರ ಸಂಘಗಳ ಮೂಲಕ ಕೊಂಡ ಬೆಲೆಗೇ ಕೊಡಬೇಕು.

ಎರಡು, ಮನೆಯ ಸಹಾಯಧನವನ್ನು ಸಾಮಗ್ರಿಗಳ ಬೆಲೆಗೆ ಜೋಡಿಸಬೇಕು. ಬೆಲೆ ಏರಿದ ವರ್ಷ ಸಹಾಯಧನವೂ ಏರಬೇಕು.

ಮೂರು, ಕೂಟದ ದಂಡವಾಗಿ ಬರುವ ಹಣವನ್ನು ಬಡವರ ವಸತಿಗೇ ಮುಡಿಪಾಗಿಡಬೇಕು. ಯಾರಿಂದ ಕಿತ್ತದ್ದೋ ಅವರಿಗೇ ಸೇರಲಿ.

ನಾಲ್ಕು, ತೆರಿಗೆ ಇಳಿದದ್ದು ಬೆಲೆಯಲ್ಲಿ ಕಾಣದಿದ್ದರೆ ದೂರು ಕೊಡುವ ಬಾಗಿಲನ್ನು ಮತ್ತೆ ತೆರೆಯಬೇಕು. ಅದೂ ದೆಹಲಿಯಲ್ಲಲ್ಲ, ತಾಲ್ಲೂಕು ಕಚೇರಿಯಲ್ಲಿ.

ಐದು, ಕಾರ್ಖಾನೆಯ ಮಾಲಿನ ಬೆಲೆ ತಯಾರಿಕೆಯ ವೆಚ್ಚದ ಒಂದೂವರೆ ಪಟ್ಟನ್ನು ಮೀರಬಾರದೆಂದು ಲೋಹಿಯಾ ಅವರು ಹೇಳುತ್ತಿದ್ದರು. ಆ ತತ್ವದಂತೆ ಸಿಮೆಂಟಿನ ವೆಚ್ಚವನ್ನು ಸರ್ಕಾರ ಲೆಕ್ಕ ಹಾಕಿಸಿ ಜನರ ಮುಂದಿಡಬೇಕು. ಗುಟ್ಟು ಮಾಲೀಕರ ಸಂಘಕ್ಕೆ ಗೊತ್ತಿರಬಹುದಾದರೆ ಕೊಳ್ಳುವವರಿಗೇಕೆ ಗೊತ್ತಾಗಬಾರದು?

ನಮ್ಮವರಿಗೆ ಒಂದು ಮಾತು

ಬೇಡಿಕೆ ಬರೆದು ಅಚ್ಚು ಮಾಡಿದರೆ ಸಾಲದೆಂಬುದು ನಮಗೂ ಗೊತ್ತು. ತಪ್ಪು ನಮ್ಮಲ್ಲಿಯೂ ಇದೆ. ಗ್ರಾಮಸಭೆಗೆ ಡಂಗುರ ಹೊಡೆದರೆ ನಾವು ಜಗುಲಿ ಬಿಟ್ಟು ಏಳುವುದಿಲ್ಲ. ಮನೆಯ ಪಟ್ಟಿಯಲ್ಲಿ ಹೆಸರು ಸೇರಿಸಲು ಕೈ ಬಿಸಿ ಮಾಡುವವರನ್ನು ಕಂಡೂ ಕಾಣದಂತಿರುತ್ತೇವೆ. ಒಂದೇ ಊರಿನ ಹದಿನೈದು ಜನ ಒಂದೇ ತಿಂಗಳಲ್ಲಿ ಹದಿನೈದು ಸಲ ಬೇರೆ ಬೇರೆಯಾಗಿ ಅಂಗಡಿಗೆ ಹೋಗಿ ಚಿಲ್ಲರೆ ಬೆಲೆಗೆ ಸಿಮೆಂಟು ತರುತ್ತೇವೆ. ಬಿಲ್ಲು ಕೇಳುವುದಿಲ್ಲ. ಆ ಹದಿನೈದು ಜನರೂ ಕೂಡಿ ಸಾವಿರದ ಐನೂರು ಮೂಟೆ ಒಟ್ಟಿಗೆ ಕೇಳಿದರೆ ಅಂಗಡಿಯವನ ಮಾತಿನ ಧಾಟಿ ಹೇಗಿರುತ್ತದೆ ಎಂದು ಒಮ್ಮೆ ನೋಡಿ. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದ ರೈತರು ಸಹಕಾರ ಸಂಘ ಕಟ್ಟಿದಾಗ ಅವರ ಬಳಿ ಇದ್ದದ್ದು ದೊಡ್ಡ ಬಂಡವಾಳವಲ್ಲ, ಪರಸ್ಪರ ನಂಬಿಕೆ. ಮನೆ ಕಟ್ಟುವವರ ಸಹಕಾರ ಸಂಘವೊಂದು ನಮ್ಮ ಹೋಬಳಿಯಲ್ಲಿ ಏಕೆ ಹುಟ್ಟಬಾರದು?

ಮಾಲೀಕರ ಸಂಘ ತಪ್ಪೆಂದರೆ ನಮ್ಮ ಸಂಘವೂ ತಪ್ಪಲ್ಲವೇ ಎಂದು ಯಾರಾದರೂ ಕೇಳಬಹುದು. ಉತ್ತರ ಸುಲಭ. ಮಾಲೀಕರ ಕೂಟ ಯಂತ್ರವನ್ನು ನಿಲ್ಲಿಸಿ ಬೆಲೆ ಏರಿಸಲು ಸೇರುತ್ತದೆ. ನಮ್ಮ ಸಂಘ ನಿಂತ ಗೋಡೆಯನ್ನು ಎಬ್ಬಿಸಲು ಸೇರುತ್ತದೆ. ಅವರ ಸಭೆಯ ಬಾಗಿಲು ಮುಚ್ಚಿರುತ್ತದೆ. ನಮ್ಮದು ಅರಳಿಕಟ್ಟೆಯ ಮೇಲೆ, ದಾರಿಹೋಕನೂ ಕೇಳಬಹುದು.

ಗೊಮ್ಮಟನ ಪಾದದ ಬಳಿಯ ಶಾಸನದಲ್ಲಿ ಮಾಡಿಸಿದವನ ಹೆಸರಿದೆ. ಆದರೆ ಅವನ ಎದುರಿಗೆ ನಿಂತಿರುವ ವಿಗ್ರಹ ಗುಳ್ಳಕಾಯಜ್ಜಿಯದು. ದೊಡ್ಡವರ ಕೊಡಗಳಿಂದ ಆಗದ್ದು ಅವಳ ಚಿಪ್ಪಿನಿಂದ ಆಯಿತೆಂದು ಜನ ಸಾವಿರ ವರ್ಷ ಹೇಳಿಕೊಂಡು ಬಂದಿದ್ದಾರೆ. ಕಿಟಕಿ ಮಟ್ಟಕ್ಕೆ ನಿಂತ ನಮ್ಮ ತಾಯಿಯ ಗೋಡೆಯೂ ಅಂಥ ಚಿಪ್ಪುಗಳಿಗಾಗಿಯೇ ಕಾಯುತ್ತಿದೆ. ಹದಿನೈದು ಮನೆಯವರು ಹದಿನೈದು ಚಿಪ್ಪು ಹಿಡಿದು ಬನ್ನಿ. ಮುಂದಿನ ಸಂತೆಯ ದಿನ ಅರಳಿಕಟ್ಟೆಯ ಬಳಿ ನಾವು ಕಾದಿರುತ್ತೇವೆ.